ಕುಂಬ್ಳೆ ಅವರಿಂದ ಕಲಿಯಬೇಕಾದದ್ದು

ಮಾನ್ಯರೇ,

ಅನಿಲ್ ಕುಂಬ್ಳೆ ಅವರ ಛಲದ ಮಾತು ಬಂದರೆ ಎಲ್ಲರೂ ನೆನೆಯುವುದು 2002ರ ಆಂಟಿಗುವಾ ಟೆಸ್ಟನ್ನು. ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು 14 ಓವರ್ ಎಸೆದು, ವೆಸ್ಟ್ ಇಂಡೀಸ್‌ನ ಬ್ರಯಾನ್ ಲಾರಾ ಅವರನ್ನು ಎಲ್‌ಬಿಡಬ್ಲ್ಯು ಬಲೆಗೆ ಕೆಡವಿದ್ದು ಮರೆಯುವಂಥದ್ದಲ್ಲ. ಆದರೆ ಕೋಚ್‌ಗಳು ಮಕ್ಕಳಿಗೆ ಇದೊಂದನ್ನೇ ಮಾದರಿಯಾಗಿ ಹೇಳಬಾರದು. ತಲೆಗೋ ದವಡೆಗೋ ಚೆಂಡು ಬಡಿದ ಹುಡುಗನನ್ನು ಕೂಡಲೇ ಹೊರಗೆ ಕರೆದು ವೈದ್ಯರಿಗೆ ತೋರಿಸಬೇಕು. ತಲೆಸುತ್ತು, ವಾಂತಿ ಕೆಲವು ಗಂಟೆಗಳ ನಂತರವೂ ಶುರುವಾಗಬಹುದು. ಅಂದು ಮತ್ತೆ ಆಡಿಸಲೇಬಾರದು.

ಮಕ್ಕಳಿಗೆ ಹೇಳಬೇಕಾದದ್ದು 2008ರ ಜನವರಿಯ ಕಥೆ. ಸಿಡ್ನಿ ಟೆಸ್ಟಿನಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕ್ಲಾರ್ಕ್ ಒಂದೇ ಓವರಿನಲ್ಲಿ ಕೊನೆಯ ಮೂರು ವಿಕೆಟ್ ಕಿತ್ತು ಭಾರತವನ್ನು ಸೋಲಿಸಿದಾಗ, ಈ ತುದಿಯಲ್ಲಿ ನಾಯಕ ಕುಂಬ್ಳೆ 45 ರನ್ ಗಳಿಸಿ ಅಜೇಯರಾಗಿ ನಿಂತಿದ್ದರು. ಅಂಪೈರಿಂಗ್ ವಿವಾದ ಹೊತ್ತಿ ಉರಿಯುತ್ತಿತ್ತು. ಪರ್ತ್ ಟೆಸ್ಟಿಗೆ ಉಳಿದಿದ್ದು ಹತ್ತೇ ದಿನ. ಅಲ್ಲಿ ತಂಡ ಮಾಡಿದ್ದು ಕ್ರಿಕೆಟ್ಟಿನ ಕೆಲಸ: ಸೆಹ್ವಾಗ್ ಮತ್ತು ಇರ್ಫಾನ್ ಪಠಾಣ್ ಒಳಬಂದರು, ಇನಿಂಗ್ಸ್ ಆರಂಭಿಸುತ್ತಿದ್ದ ದ್ರಾವಿಡ್ ತಮ್ಮ ಮೂರನೇ ಕ್ರಮಾಂಕಕ್ಕೆ ಮರಳಿ 93 ರನ್ ಹೊಡೆದರು. ಭಾರತ 72 ರನ್‌ಗಳಿಂದ ಗೆದ್ದಿತು. ಆಸ್ಟ್ರೇಲಿಯಾದ ಸತತ 16 ಟೆಸ್ಟ್ ಗೆಲುವಿನ ಓಟ ಅಲ್ಲಿಗೇ ನಿಂತಿತು.

– ಕ್ರಿಕೆಟ್ ತರಬೇತುದಾರ, ಮೈಸೂರು