ಪಹಣಿ ನೋಡೋ ನಾವು ಗೋವಾದಲ್ಲಿ ಬ್ರೋಷರ್ ನೋಡಿ ಸೈನ್ ಹಾಕ್ತಿದೀವಿ

ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪೇಪರ್‌ನಲ್ಲಿ ಗೋವಾ ಫ್ಲ್ಯಾಟ್‌ದು ಫುಲ್ ಪೇಜ್ ಆ್ಯಡ್ ಬಂದಿತ್ತಲ್ಲ, ಬಾಲ್ಕನಿ, ತೆಂಗಿನಮರ, ಹಿಂದೆ ನೀಲಿ ಸಮುದ್ರ, ಅದನ್ನ ನೋಡಿ ನಮ್ಮ ಬಂಗಾರಪೇಟೆ ಕಡೆ ಎಷ್ಟು ಜನ ಫೋನ್ ಮಾಡಿದಾರೆ ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ. ಚೆನ್ನೈ ಎಕ್ಸ್‌ಪ್ರೆಸ್‌ವೇ ಮಾಲೂರು, ಬಂಗಾರಪೇಟೆ, ಕೆಜಿಎಫ್ ಮೇಲೆ ಹಾದು ಹೋಯ್ತು, ಜಮೀನು ಕಳಕೊಂಡವರ ಕೈಗೆ ಪರಿಹಾರದ ದುಡ್ಡು ಬಂತು, ಅದು ಬ್ಯಾಂಕಲ್ಲಿ ಇರೋದು ಏಜೆಂಟ್‌ಗಳಿಗೆ ನಮ್ಮ ಹೆಂಡ್ತೀರಿಗಿಂತ ಮುಂಚೆ ಗೊತ್ತಾಗುತ್ತೆ.

ನನ್ನ ಷಡ್ಡಕ ಹಿಂಗೇ ಸಿಕ್ಕಾಕೊಂಡ. ಹೋಟೆಲ್ ಹಾಲ್‌ನಲ್ಲಿ ಮೀಟಿಂಗು, ಊಟ, ಆಮೇಲೆ ಪರದೆ ಮೇಲೆ ವಿಡಿಯೋ. ಉತ್ತರ ಗೋವಾದ ಮೋಪಾ ಏರ್‌ಪೋರ್ಟ್ 2023ರ ಜನವರಿಯಿಂದ ಓಡ್ತಿದೆ, ಅದಿರೋ ಪೆರ್ನೆಮ್ ತಾಲೂಕಿನ ಕಡೆ ರೇಟು ಈಗ್ಲೇ ಹಿಡ್ಕೊಳ್ಳಿ, ನಿಮ್ಮ ದೇವನಹಳ್ಳಿ ಏನಾಯ್ತು ನೋಡಿದ್ರಲ್ಲ ಅಂದ್ರಂತೆ. ಈ ಒಂದು ಮಾತು ಸಾಕು ನಮ್ಮೋರಿಗೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ಬಂದ್ಮೇಲೆ ಚಿಕ್ಕಬಳ್ಳಾಪುರದ ತನಕ ಎಕರೆ ರೇಟು ಏರಿದ್ದನ್ನ ಕಣ್ಣಾರೆ ನೋಡಿ, ಅಯ್ಯೋ ಅವತ್ತೇ ತಗೊಂಡಿದ್ರೆ ಅಂತ ಹೊಟ್ಟೆ ಉರ್ಕೊಂಡವರೇ ಎಲ್ಲ. ಜೊತೆಗೆ ತಿಂಗಳಿಗಿಷ್ಟು ಬಾಡಿಗೆ ಗ್ಯಾರಂಟಿ ಅಂದ್ರು, ಇವ್ನು ಅವತ್ತೇ 3 ಲಕ್ಷ ಅಡ್ವಾನ್ಸ್ ಕೊಟ್ಟು ಬಂದ.

ಜುಲೈಲಿ ನಾವಿಬ್ರೂ ನೋಡಕ್ಕೆ ಹೋದ್ವಿ. ಮಳೆ ಅಂದ್ರೆ ಮಳೆ. ನಮ್ಮ ಕೋಲಾರದಲ್ಲಿ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಬಿದ್ರೆ ಪುಣ್ಯ, ಅಲ್ಲಿ 3000ದ ಹತ್ರ, ಅದ್ರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತೆ. ಬೀಚ್ ಪಕ್ಕದ ತಗಡಿನ ಅಂಗಡಿಗಳೆಲ್ಲ ಬಂದ್, ಪಕ್ಕದ ಬಿಲ್ಡಿಂಗ್‌ನಲ್ಲಿ ಗ್ರಿಲ್ ತುಕ್ಕು, ಗೋಡೆ ತುಂಬ ಪಾಚಿ, ಉಪ್ಪು ಗಾಳಿಗೆ ಎಸಿ ಹೊರಗಡೆ ಡಬ್ಬ ತಿಂದೋಗಿದೆ. ಬಾಡಿಗೆಗೆ ಬರೋದು ಯಾರು ಸ್ವಾಮಿ ಈ ನಾಕು ತಿಂಗಳು ಅಂತ ಕೇಳಿದ್ರೆ ನವೆಂಬರ್‌ಗೆ ಬಂದು ನೋಡಿ ಸಾರ್ ಅಂದ ಏಜೆಂಟು.

ನಾವು ಜಾಗ ನೋಡೋದು ಬಿಟ್ಟು ಕಾಗದ ನೋಡಕ್ಕೆ ಅಲ್ಲಿನ ಒಬ್ಬ ವಕೀಲರ ಹತ್ರ ಹೋದ್ವಿ. ಇದನ್ನ ಎಲ್ರೂ ಓದ್ಲಿ ಅಂತಾನೇ ಬರೀತಿದೀನಿ. ನಮ್ಮ ಪಹಣಿ ತರ ಅಲ್ಲಿ ಫಾರ್ಮ್ ಒಂದು-ಹದಿನಾಲ್ಕು ಅಂತ ಇದೆ, ನಮ್ಮ ಡಿಸಿ ಕನ್ವರ್ಷನ್ (ಕೃಷಿ ಜಮೀನನ್ನ ಬೇರೆ ಬಳಕೆಗೆ ಬದಲಾಯಿಸೋ ಅನುಮತಿ) ತರ ಅಲ್ಲಿ ಸನದು. ಜಮೀನು ಸೆಟಲ್‌ಮೆಂಟ್ ಝೋನ್‌ನಲ್ಲಿದ್ಯಾ (ಮನೆ ಕಟ್ಟೋ ಜಾಗ) ಆರ್ಚರ್ಡ್ ಝೋನ್‌ನಲ್ಲಿದ್ಯಾ (ತೋಟದ ಜಾಗ) ಮೊದ್ಲು ನೋಡ್ಬೇಕು, ಸಮುದ್ರದ ಹತ್ರ ಇದ್ರೆ ಸಿಆರ್‌ಝಡ್ ಅಂದ್ರೆ ಕರಾವಳಿ ಕಟ್ಟಡಗಳ ಮೇಲಿನ ರೂಲು, ಉಬ್ಬರದ ಗೆರೆಯಿಂದ 500 ಮೀಟರ್ ತನಕ ಆ ರೂಲ್ ಹಿಂದೆ ಬರುತ್ತೆ. ಕೆಲವು ಜಾಗ ಕೋಮುನಿದಾದ್ ಅಂದ್ರೆ ಊರ ಸಮುದಾಯದ್ದು, ಅದನ್ನ ಯಾರೋ ಒಬ್ರು ತಮ್ದು ಅಂತ ಮಾರಂಗಿಲ್ಲ. ಇನ್ನೊಂದು ಕೇಳಿ, ಅಲ್ಲಿ 1961ರ ತನಕ ಪೋರ್ಚುಗೀಸರು ಇದ್ರಲ್ಲ, ಅವರ ಸಿವಿಲ್ ಕೋಡ್‌ನ ರೀತಿ ಇನ್ನೂ ನಡೀತಿದೆ, ಮಾಮೂಲಿಯಾಗಿ ಗಂಡನ ಆಸ್ತಿಲಿ ಹೆಂಡ್ತಿಗೆ ಅರ್ಧ, ಮಾರೋನ ಹೆಂಡ್ತಿ ಸೈನ್ ಇಲ್ದೆ ಸೇಲ್ ಡೀಡ್ ನಿಲ್ಲಲ್ಲ. (ನನ್ನ ಹೆಂಡ್ತಿಗೆ ಈ ಕಾನೂನು ಬಹಳ ಹಿಡಿಸ್ತು.) ಟೂರಿಸ್ಟ್‌ಗಳಿಗೆ ದಿನದ ಬಾಡಿಗೆಗೆ ಕೊಡೋಕೆ ಟೂರಿಸಂ ಇಲಾಖೆಲಿ ರಿಜಿಸ್ಟ್ರೇಷನ್ ಬೇಕು, ಅದನ್ನ ಮೀಟಿಂಗಲ್ಲಿ ಯಾರೂ ಹೇಳಿರ್ಲಿಲ್ಲ.

ಷಡ್ಡಕನ ಪ್ರಾಜೆಕ್ಟ್ ಜಾಗ ಆರ್ಚರ್ಡ್ ಝೋನ್. ಸನದು ಇಲ್ಲ. ರೇರಾ (ಫ್ಲ್ಯಾಟ್ ಕಟ್ಟಿ ಮಾರೋರ ಮೇಲೆ ಕಣ್ಣಿಡೋ ಸರ್ಕಾರಿ ಪ್ರಾಧಿಕಾರ) ನಂಬರ್ ಕೇಳಿದ್ರೆ ಅಪ್ಲೈ ಮಾಡಿದೀವಿ ಅಂದ್ರು. ರೇರಾ ಕಾನೂನಲ್ಲಿ ನಂಬರ್ ಬರೋಕೆ ಮುಂಚೆ ಬುಕಿಂಗೇ ತಗೊಳ್ಳಂಗಿಲ್ಲ, ಬಂದ್ಮೇಲೂ ಅಗ್ರಿಮೆಂಟ್ ರಿಜಿಸ್ಟರ್ ಆಗೋ ತನಕ ರೇಟಿನ ನೂರಕ್ಕೆ 10ಕ್ಕಿಂತ ಜಾಸ್ತಿ ಇಸ್ಕೊಳ್ಳಂಗಿಲ್ಲ.

ಇದೇ ಷಡ್ಡಕ ಟೇಕಲ್ ಹತ್ರ 20 ಗುಂಟೆ ತಗೊಳ್ಳೋವಾಗ ಇಸಿ (ಋಣಭಾರ ಪತ್ರ), ಮ್ಯುಟೇಷನ್ (ಖಾತೆ ಬದಲಾವಣೆ), ಪೋಡಿ (ಜಮೀನು ಅಳೆದು ಭಾಗ ಮಾಡೋದು) ಅಂತ ಮೂರು ತಿಂಗಳು ತಾಲೂಕಾಫೀಸ್ ಮೆಟ್ಲು ಸವೆಸಿದ್ದ, ಪಕ್ಕದ ಜಮೀನಿನ ಅಜ್ಜಿನೂ ಬಿಡ್ದೆ ವಿಚಾರಿಸಿದ್ದ. ಗೋವಾ ಅಂದ ತಕ್ಷಣ ಅದೆಲ್ಲ ಎಲ್ಲಿ ಹೋಯ್ತೋ.

ತಾವೂ ಒಂದು ಕೆಲ್ಸ ಮಾಡಿ ಸಂಪಾದಕರೇ. ರೇರಾಗೆ ಬರೋ ಪ್ರಾಜೆಕ್ಟ್ ಆ್ಯಡ್‌ನಲ್ಲಿ ರೇರಾ ನಂಬರ್ ಹಾಕ್ಲೇಬೇಕು ಅಂತ ಕಾನೂನೇ ಇದೆ. ನಂಬರ್ ಇಲ್ದೇ ಇರೋ ಆ್ಯಡ್ ತಗೋಬೇಡಿ, ಇದ್ರೆ ಇರುವೆ ಸೈಜಲ್ಲಿ ಮೂಲೆಗೆ ಹಾಕದೆ ಓದೋ ಹಂಗೆ ಹಾಕಿಸಿ.

3 ಲಕ್ಷ ಇನ್ನೂ ವಾಪಸ್ ಬಂದಿಲ್ಲ. ಗಣೇಶನ ಹಬ್ಬ ಕಳೀಲಿ ಸಾರ್ ಕೊಡ್ತೀವಿ ಅಂದವ್ರೆ, ಯಾವ ವರ್ಷದ ಹಬ್ಬ ಅಂತ ಮಾತ್ರ ಹೇಳಿಲ್ಲ.

ಇಂತಿ,
ಬಂಗಾರಪೇಟೆ ತಾಲೂಕಿನ ಒಬ್ಬ ಓದುಗ, ಕೋಲಾರ ಜಿಲ್ಲೆ