ಅಪ್ಪನಿಗೆ, ತೊಗರಿಯ ವಿಷಯ

ದಾರ್ ಎಸ್ ಸಲಾಮ್, ಟಾಂಜಾನಿಯಾ
ಡಿಸೆಂಬರ್ 2025

ಅಪ್ಪಾ, ನಿಮಗೂ ಅವ್ವಗೂ ಶರಣು.

ಹೋದ ಭಾನುವಾರ ಫೋನಿನಲ್ಲಿ ನೀವು ಅಂದದ್ದು ಇನ್ನೂ ಕಿವಿಯಲ್ಲೇ ಇದೆ. “ನಿನ್ನ ತೊಗರಿ ಹಡಗು ಮುಂಬೈ ಮುಟ್ಟಿದ್ರ ಇಲ್ಲಿ ಗಂಜ್ ಬಜಾರಿನಾಗ ರೇಟ್ ಬೀಳ್ತದ. ಮಗಾನೇ ಅಪ್ಪನ ಹೊಟ್ಟಿ ಮ್ಯಾಲ ಹೊಡದಂಗಾತು.” ಆಮೇಲೆ ಲೈನ್ ಕಟ್ಟಾಯಿತು, ಇಲ್ಲಾ ನೀವೇ ಇಟ್ಟಿರಿ. ಎದುರು ಮಾತಾಡಿ ನನಗೆ ರೂಢಿಯಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀವು ಅಂದದ್ದು ಸುಳ್ಳಲ್ಲ. ಇಲ್ಲಿ ತೊಗರಿ ಕೊಯ್ಲು ಆಗಸ್ಟಿಗೇ ಶುರು. ನಮ್ಮ ಹೊಲದಲ್ಲಿ ಇನ್ನೂ ಕಾಯಿ ಬಲಿಯುವಾಗಲೇ ಮಿಲ್ಲಿನವರ ಗೋದಾಮಿನಲ್ಲಿ ಇಲ್ಲಿಯ ‘ಅರುಷಾ’, ‘ಮಟವಾರಾ’ ತೊಗರಿಯ ಚೀಲ ಬಂದು ಬಿದ್ದಿರುತ್ತವೆ, ಅದೂ ಸುಂಕವಿಲ್ಲದೆ. ಈ ವರ್ಷದ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ ಅಂತ ಕಾಗದದಲ್ಲಿದ್ದರೂ ಗಂಜಿನಲ್ಲಿ ಅಷ್ಟಕ್ಕೆ ಕೇಳುವವರಿಲ್ಲ ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆ ಚೀಲಗಳ ತೇವ, ಕಸ ನೋಡಿ ಪಾಸು ಮಾಡುವುದಕ್ಕೇ ನನಗೆ ಸಂಬಳ. ಇದನ್ನು ಮುಚ್ಚಿಟ್ಟು ಏನು ಮಾಡಲಿ?

ಆದರೆ ಸೆಪ್ಟೆಂಬರಿನಲ್ಲಿ ಮಾಲು ನೋಡಲು ಬಾಬಾಟಿಗೆ ಹೋಗಿದ್ದೆ. ಉತ್ತರದ ಮನ್ಯಾರಾ ಪ್ರಾಂತ್ಯದ ಊರು. ಗೋವಿನಜೋಳದ ನಡುವೆ ತೊಗರಿ ಸಾಲು, ಆಳೆತ್ತರದ ಗಿಡ, ದಪ್ಪ ಬಿಳಿ ಕಾಳು. (ಗೋವಿನಜೋಳಕ್ಕೆ ಇವರು ‘ಮಹಿಂದಿ’ ಅಂತಾರೆ, ಇಂಡಿಯಾದ್ದಂತೆ! ನಮ್ಮನ್ನು ಕರೆಯುವುದು ‘ವಹಿಂದಿ’.) ಅಲ್ಲಿ ನಿಮ್ಮ ವಯಸ್ಸಿನ ಒಬ್ಬರ ಹೊಲ ನೋಡಿದೆ. ಹಿರಿಯರು ಸಿಕ್ಕರೆ ಇಲ್ಲಿ ‘ಶಿಕಾಮೂ’ ಅನ್ನಬೇಕು. ಕಾಲು ಹಿಡಿಯುತ್ತೇನೆ ಅನ್ನುವುದೇ ಅದರ ಮೂಲ ಅರ್ಥವಂತೆ. ಅಂದೆ. ‘ಮರಹಬಾ’ ಅಂದು ಮುದುಕ ನಗಲಿಲ್ಲ. ನೇರ ಕೇಳಿದರು: “ನಿಮ್ಮ ಸರ್ಕಾರ ಮತ್ತೆ ಬಾಗಿಲು ಹಾಕುತ್ತದೋ?”

2015ರಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದ್ದು ನಿಮಗೆ ನೆನಪಿದೆ. ಮರುವರ್ಷ ಜುಲೈನಲ್ಲಿ ಮೋದಿಯವರು ಮೊಜಾಂಬಿಕ್‌ಗೂ ಇಲ್ಲಿಗೂ ಬಂದರು. ಬೆಳೆಯಿರಿ, ನಾವು ಕೊಳ್ಳುತ್ತೇವೆ ಅನ್ನುವ ಧಾಟಿಯ ಮಾತಾಯಿತು. ಮೊಜಾಂಬಿಕ್ ಜೊತೆ ಬರೆದ ಒಪ್ಪಂದವೇ ಆಯಿತು. ಇಲ್ಲಿ ಮಾತಷ್ಟೇ ಉಳಿಯಿತು. ಆ ವರ್ಷ ನಮ್ಮಲ್ಲೂ ಭರ್ಜರಿ ಬೆಳೆ, ದರ ಬಿತ್ತು, ನೀವೆಲ್ಲ ಕಲಬುರಗಿ ರಸ್ತೆಯಲ್ಲಿ ಕೂತಿರಿ. 2017ರ ಆಗಸ್ಟಿನಲ್ಲಿ ದೆಹಲಿಯವರು ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಹಾಕಿದರು. ಬಾಬಾಟಿಯಲ್ಲಿ ಅದು ಸುಗ್ಗಿಯ ತಿಂಗಳು. ತೊಗರಿಯನ್ನು ಇವರು ಮನೆಗೆ ತಿನ್ನುವುದು ಕಡಿಮೆ, ಬೆಳೆಯುವುದೇ ನಮಗಾಗಿ. ಚೀಲ ಹೊರಗಿಟ್ಟು ಕಾದರು, ಕೊಳ್ಳಲು ಯಾರೂ ಬರಲಿಲ್ಲ. ನಿಮಗೆ ಸಮಾಧಾನ ಕೊಟ್ಟ ಆದೇಶವೇ ಆ ಮುದುಕನ ಮಗನ ಫೀಸು ನಿಲ್ಲಿಸಿತು.

2021ರ ಮೇ ತಿಂಗಳಲ್ಲಿ ಬಾಗಿಲು ಮತ್ತೆ ತೆರೆಯಿತು. ಈ ಡಿಸೆಂಬರಿನಲ್ಲಿ ಇರುವ ಆದೇಶ 2026ರ ಮಾರ್ಚ್ 31ರ ತನಕ. ಇಲ್ಲಿಯ ಅಧ್ಯಕ್ಷೆ ಸಾಮಿಯಾ ಸುಲುಹು ಹಸನ್ 2023ರಲ್ಲಿ ದೆಹಲಿಗೆ ಹೋಗಿ ಬಂದರು, ರೂಪಾಯಿ-ಶಿಲಿಂಗ್‌ನಲ್ಲೇ ವ್ಯಾಪಾರ ಅಂದರು, ಜಾಂಜಿಬಾರ್‌ನಲ್ಲಿ ಮದ್ರಾಸ್ ಐಐಟಿ ಬಂತು. ಎಲ್ಲ ಸರಿ. ಆದರೆ ನಮ್ಮ ಆಫೀಸಿನಲ್ಲಿ ದಿನಾ ಹುಡುಕುವುದು ಆ ಮಾರ್ಚಿನ ಮುಂದಿನ ಆದೇಶ ಬಂತೋ ಇಲ್ಲವೋ ಅಂತ. ಅದು ಬರಬಾರದು ಅಂತ ನೀವು, ಬರಲಿ ಅಂತ ಬಾಬಾಟಿಯವರು. ನಾನು ಯಾವ ಕಡೆ ಅಂತ ಕೇಳಬೇಡಿ. ಬೇಕಾದರೆ ನಮ್ಮ ಸುಗ್ಗಿಯ ಮೂರು ತಿಂಗಳು ಸುಂಕ ಹಾಕಲಿ, ಅದನ್ನು ಒಂದು ವರ್ಷ ಮೊದಲೇ ಇಬ್ಬರಿಗೂ ಹೇಳಲಿ. ಬಿತ್ತಿದ ಮೇಲೆ ಹೇಳಿದರೆ ಯಾರಿಗೆ ಉಪಯೋಗ?

ಅವ್ವ ಊಟದ ಬಗ್ಗೆ ಕೇಳಿದ್ದಳು. ಕಿಸುತು ಕಡೆ ಗುಜರಾತಿಗಳ ಅಂಗಡಿ ಬೇಕಾದಷ್ಟಿವೆ, ತಲೆಮಾರುಗಳಿಂದ ಇದ್ದಾರೆ. 1971ರಲ್ಲಿ ಬಾಡಿಗೆ ಕಟ್ಟಡಗಳನ್ನು ಸರ್ಕಾರ ವಶ ಮಾಡಿಕೊಂಡಾಗ ಬಹಳ ಜನ ಬಿಟ್ಟುಹೋದರಂತೆ, ಉಳಿದವರು ನಮಗಿಂತ ಚೆಂದ ಸುವಾಹಿಲಿ ಮಾತಾಡುತ್ತಾರೆ. ಚಪಾತಿಗೆ ಚಪಾತಿ, ಲಕ್ಷಕ್ಕೆ ‘ಲಾಕಿ’, ಆಟೋಗೆ ‘ಬಜಾಜಿ’. ಕರಾವಳಿಯವರು ತೊಗರಿಯನ್ನು ತೆಂಗಿನ ಹಾಲಲ್ಲಿ ಬೇಯಿಸಿ ಬೆಳಗಿನ ತಿಂಡಿಗೆ ತಿನ್ನುತ್ತಾರೆ. ಸಿಹಿ. ನನಗೆ ಸೇರಲಿಲ್ಲ. ಶೇಂಗಾ ಹಿಂಡಿ ಮುಗಿದಿದೆ ಅಂತ ಅವ್ವಗೆ ಹೇಳಿ.

ಬಾಬಾಟಿಯ ಮುದುಕ ನಿಮ್ಮ ಬೆಳೆಯನ್ನೂ ವಿಚಾರಿಸಿದರು. 2022ರಲ್ಲಿ ನೆಟೆ ರೋಗಕ್ಕೆ ಹೋದದ್ದನ್ನು ಹೇಳಬೇಕಿತ್ತು, ಸುವಾಹಿಲಿ ಪದ ಗೊತ್ತಿಲ್ಲ. ಕೈ ನೆಟ್ಟಗೆ ನಿಲ್ಲಿಸಿ ಮೆಲ್ಲಗೆ ಬಾಗಿಸಿ ತೋರಿಸಿದೆ. ತಕ್ಷಣ ತಿಳಿಯಿತು. ಇಲ್ಲೂ ಹಾಗೇ ಒಣಗುತ್ತಿತ್ತು, ‘ಮಾಲಿ’ ತಳಿ ಬಂದ ಮೇಲೆ ತಡೆಯಿತು ಅಂದರು. ಆ ತಳಿಯ ಹಿಂದಿರುವುದು ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್, ನಿಮಗೆ ‘ಮಾರುತಿ’ ಬೀಜ ಕೊಟ್ಟದ್ದೂ ಅದೇ ಸಂಸ್ಥೆ. ಎಂಟೊಂಬತ್ತು ತಿಂಗಳ ಗಿಡ, ನಮ್ಮ ಹೊಲಕ್ಕೆ ಆಗಿಬರುವುದಿಲ್ಲ. ಆದರೂ ಮುದುಕ ಒಂದು ಮುಷ್ಟಿ ಕಾಳು ನನ್ನ ಜೇಬಿಗೆ ಹಾಕಿದರು, ಅಪ್ಪನಿಗೆ ತೋರಿಸು ಅಂತ. ಬೀಜ ಹಾಗೆಲ್ಲ ತರಲು ಬಿಡುವುದಿಲ್ಲ, ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.

ಎಳ್ಳಮಾಸಿಗೆ ಚರಗ ಚೆಲ್ಲುವಾಗ ಹೊಲದಿಂದ ಫೋನ್ ಮಾಡಿ. ಬೈದರೂ ಪರವಾಗಿಲ್ಲ.

ನಿಮ್ಮ ಮಗ