ಚಿನ್ನು ನಟಿಸಲಿ, ಆದರೆ...

ಪ್ರೀತಿಯ ಪುಟ್ಟಿ,

ಚಿನ್ನುವನ್ನು ಟಿವಿಯವರು ಆರಿಸಿದ್ದಾರೆ, ಕಳಿಸಲೋ ಬೇಡವೋ ಅಂತ ಕೇಳಿದ್ದೀಯಲ್ಲ, ಫೋನಿನಲ್ಲಿ ಇದನ್ನೆಲ್ಲ ಹೇಳೋಕೆ ಆಗಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕಳಿಸು. ಆದರೆ ಅವನು "ಸಾಕಮ್ಮ" ಅಂದ ದಿನ ಬಿಡಿಸಿಬಿಡ್ತೀನಿ ಅಂತ ಈಗಲೇ ಮನಸ್ಸು ಗಟ್ಟಿ ಮಾಡಿಕೋ.

ನೀನಿರುವ ಇಂಗ್ಲೆಂಡಿನದೇ ಕಥೆ ಹೇಳ್ತೀನಿ. 1968ರಲ್ಲಿ 'ಆಲಿವರ್!' ಸಿನಿಮಾ ಬಂತು. ಡಿಕನ್ಸ್ ಬರೆದ ಅನಾಥ ಹುಡುಗನ ಕಥೆ, ಕ್ಯಾರಲ್ ರೀಡ್ ನಿರ್ದೇಶನ, ಅತ್ಯುತ್ತಮ ಚಿತ್ರ ಅಂತ ಆಸ್ಕರ್ ಕೂಡ ಬಂತು. ಆಲಿವರ್ ಆಗಿದ್ದವನು ಮಾರ್ಕ್ ಲೆಸ್ಟರ್, 1958ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಹುಟ್ಟಿದವನು. ಆ ಮುಖ ನೋಡಿದರೆ ಯಾರಿಗಾದರೂ ಎತ್ತಿಕೊಳ್ಳಬೇಕು ಅನ್ನಿಸುತ್ತೆ. ಸಿನಿಮಾದಲ್ಲಿ ಅವನು ಹಾಡುವ ಹಾಡುಗಳಿಗೆ ದನಿ ಮಾತ್ರ ಅವನದಲ್ಲ, ಸಂಗೀತ ನೋಡಿಕೊಂಡಿದ್ದ ಜಾನಿ ಗ್ರೀನ್ ಅವರ ಮಗಳು ಕ್ಯಾಥಿ ಗ್ರೀನ್ ಹಾಡಿದ್ದು. ನನಗೆ ಇದು ತುಂಬಾ ಇಷ್ಟ. ಚಿನ್ನುವಿಗೂ ಎಲ್ಲವೂ ಬರಲೇಬೇಕು ಅಂತೇನಿಲ್ಲ ಕಣೇ.

ಅದೇ ಸಿನಿಮಾದಲ್ಲಿ ಜೇಬುಗಳ್ಳ ಹುಡುಗ ಡಾಡ್ಜರ್ ಆಗಿದ್ದವನು ಜ್ಯಾಕ್ ವೈಲ್ಡ್. ಲ್ಯಾಂಕಶೈರ್‌ನ ರಾಯ್ಟನ್‌ನವನು. ಅಣ್ಣತಮ್ಮ ಪಾರ್ಕಿನಲ್ಲಿ ಫುಟ್‌ಬಾಲ್ ಆಡುತ್ತಿದ್ದಾಗ ಮಕ್ಕಳಿಗೆ ನಟನೆಯ ಅವಕಾಶ ಕೊಡಿಸುತ್ತಿದ್ದ ಏಜೆಂಟ್ ಜೂನ್ ಕಾಲಿನ್ಸ್ ಕಣ್ಣಿಗೆ ಬಿದ್ದರು. ಹಾಡುಗಾರ ಫಿಲ್ ಕಾಲಿನ್ಸ್ ಇದ್ದಾರಲ್ಲ, ಅವರ ತಾಯಿ. ಹದಿನಾರನೇ ವಯಸ್ಸಿಗೇ ಜ್ಯಾಕ್‌ಗೆ ಆಸ್ಕರ್ ನಾಮನಿರ್ದೇಶನ, ಆಮೇಲೆ ಅಮೆರಿಕದ ಟಿವಿ, ಹಾಡಿನ ರೆಕಾರ್ಡುಗಳು. ನೋಡಿದರೆ ಆ ಸಿನಿಮಾದಲ್ಲಿ ಅವನೇ ಜಾಸ್ತಿ ಮಿಂಚುತ್ತಾನೆ. ಆದರೆ ಇಪ್ಪತ್ತು ದಾಟುವಷ್ಟರಲ್ಲಿ ಕುಡಿತ ಹಿಡಿಯಿತು, ಕೆಲಸ ಕಮ್ಮಿಯಾಯಿತು. 1989ರಲ್ಲಿ ಕುಡಿತ ಬಿಟ್ಟ, ಎಷ್ಟು ಕಷ್ಟಪಟ್ಟಿರಬೇಕು ಪಾಪ. 2000ದಲ್ಲಿ ಬಾಯಿ ಕ್ಯಾನ್ಸರ್ ಅಂತ ಗೊತ್ತಾಯಿತು, ಆಮೇಲೆ ಆಪರೇಷನ್ ಮಾಡಿ ನಾಲಿಗೆಯ ಒಂದು ಭಾಗವನ್ನೇ ತೆಗೆದರು. ಕುಡಿತ, ಸಿಗರೇಟಿನಿಂದಲೇ ಹೀಗಾಯಿತು ಅಂತ ಅವನೇ ಜನರಿಗೆ ಎಚ್ಚರಿಕೆ ಹೇಳುತ್ತಿದ್ದ. 2006ರಲ್ಲಿ ಹೋದಾಗ ಬರೀ 53 ವರ್ಷ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

ಮಾರ್ಕ್ ಏನು ಮಾಡಿದ ಗೊತ್ತಾ? 1971ರಲ್ಲಿ ಇಬ್ಬರೂ 'ಮೆಲೊಡಿ'ಯಲ್ಲಿ ಮತ್ತೆ ಒಟ್ಟಿಗೆ ನಟಿಸಿದರು, ಇನ್ನೂ ಕೆಲವು ಸಿನಿಮಾ ಆದವು, ಇಪ್ಪತ್ತರ ಹತ್ತಿರ ಬಂದಾಗ ನಟನೆ ಬಿಟ್ಟೇಬಿಟ್ಟ. ಆಮೇಲೆ ಇಪ್ಪತ್ತೆಂಟನೇ ವಯಸ್ಸಿನಲ್ಲಿ ಕೆಮಿಸ್ಟ್ರಿ, ಬಯಾಲಜಿ ತಗೊಂಡು, ಅಲ್ಲಿ ಹದಿನೆಂಟರ ಹುಡುಗರು ಬರೆಯುವ ಎ-ಲೆವೆಲ್ ಪರೀಕ್ಷೆ ಬರೆದ. ಆಸ್ಟಿಯೋಪತಿ ಓದಿದ, ಅಂದರೆ ಕೀಲು, ಬೆನ್ನುನೋವಿಗೆಲ್ಲ ಕೈಯಿಂದಲೇ ಚಿಕಿತ್ಸೆ ಕೊಡುತ್ತಾರಲ್ಲ, ಅದು. ಚೆಲ್ಟನ್‌ಹ್ಯಾಮ್‌ನಲ್ಲಿ ಕ್ಲಿನಿಕ್ ಇಟ್ಟ. ಜಗತ್ತೇ ಗುರುತು ಹಿಡಿಯುವ ಮುಖ ಇಟ್ಟುಕೊಂಡು ಮತ್ತೆ ಪುಸ್ತಕ ಹಿಡಿದು ಕೂತ ಅಂದರೆ ಅದು ಸಣ್ಣ ಧೈರ್ಯ ಅಲ್ಲ. ಆಸ್ಕರ್ ನಾಮನಿರ್ದೇಶನಕ್ಕಿಂತ ಇದೇ ದೊಡ್ಡದು ಅಂತ ನನಗೆ ಅನ್ನಿಸುತ್ತೆ.

ಒಬ್ಬ ಒಳ್ಳೆಯವನು, ಇನ್ನೊಬ್ಬ ಕೆಟ್ಟವನು ಅಂತ ಹೇಳ್ತಿಲ್ಲ ನಾನು. ಜ್ಯಾಕ್ ಕೂಡ ಮಗುವೇ ಆಗಿದ್ದ ಅಲ್ವಾ? ಚಿನ್ನುವಿಗೆ ಈ ಕೆಲಸ ಬಿಟ್ಟರೂ ತನಗೆ ಬೇರೆ ಬದುಕು ಇದೆ ಅಂತ ಗೊತ್ತಿರಬೇಕು, ಅಷ್ಟೇ. ಅದಕ್ಕೆ ಓದು ನಿಲ್ಲಬಾರದು, ಗೆಳೆಯರು ತಪ್ಪಬಾರದು.

ಅಲ್ಲಿ ಮಕ್ಕಳು ನಟಿಸಬೇಕಾದರೆ ಕೌನ್ಸಿಲ್‌ನಿಂದ, ಅಂದರೆ ಊರಿನ ಆಡಳಿತದವರಿಂದ, ಲೈಸೆನ್ಸ್ ಬೇಕು. ಸೆಟ್‌ನಲ್ಲಿ ಮಗುವನ್ನು ನೋಡಿಕೊಳ್ಳಲು ಒಬ್ಬರು ಇರಲೇಬೇಕು, ತಾಯಿಯೂ ಇರಬಹುದು. ನಿನಗೆ ರಜೆ ಸಿಕ್ಕರೆ ನೀನೇ ಹೋಗು. ಶಾಲೆ ತಪ್ಪಿದ ದಿನ ಪಾಠ ಯಾರು ಹೇಳಿಕೊಡ್ತಾರೆ ಅಂತ ಸಹಿ ಹಾಕುವ ಮೊದಲೇ ಕೇಳು, ನಾಚಿಕೊಳ್ಳಬೇಡ. ದುಡ್ಡು ಅವನ ಹೆಸರಿನಲ್ಲೇ ಇರಲಿ, ಮನೆ ಖರ್ಚಿಗೆ ಒಂದು ಪೌಂಡೂ ಮುಟ್ಟಬೇಡಿ ಅಂತ ಅಳಿಯಂದಿರಿಗೂ ಹೇಳು.

ಶಾಲೆಯವರು ಏನಂದರು ಅಂತ ಭಾನುವಾರ ಹೇಳು. ಚಿನ್ನು ಏನಂದ ಅಂತ ನೀನು ಬರೆದೇ ಇಲ್ಲ, ಅವನನ್ನೇ ಫೋನಿಗೆ ಕೊಡು.

ನಿನ್ನ ಅಮ್ಮ